ಎಣ್ಣೆ ಕಪ್ಪಾದ ಮಾತ್ರಕ್ಕೆ ಚೆಲ್ಲಬೇಡಿ

ಪ್ರಶ್ನೆ: ನಮ್ಮ ಥರ್ಮಿಕ್ ಫ್ಲೂಯಿಡ್ ಹೀಟರಿನಲ್ಲಿ (ಎಣ್ಣೆ ಕಾಯಿಸಿ, ಅದರ ಶಾಖವನ್ನು ಯಂತ್ರಗಳಿಗೆ ಒಯ್ಯುವ ಹೀಟರ್) ಪೆಟ್ರೋಲಿಯಂನಿಂದ ಬಂದ ಮಿನರಲ್ ಎಣ್ಣೆ ಇದೆ. 270 ಡಿಗ್ರಿಯಲ್ಲಿ ಓಡಿಸುತ್ತೇವೆ. 300 ಡಿಗ್ರಿವರೆಗೆ ತಡೆಯುತ್ತದೆ ಎಂದು ಡ್ರಮ್ಮಿನ ಮೇಲೆ ಬರೆದಿದೆ. ಆದರೂ ಎರಡೇ ವರ್ಷಕ್ಕೆ ಕಪ್ಪಾಗಿ ಮಂದವಾಗಿದೆ. ಸಿಂಥೆಟಿಕ್ (ಕೃತಕವಾಗಿ ತಯಾರಿಸಿದ) ಎಣ್ಣೆ ಹಾಕಿಬಿಡಿ ಅಂತ ಸಪ್ಲೈಯರ್ ಹೇಳುತ್ತಿದ್ದಾರೆ. ಹಾಕಬಹುದಾ?

ಉತ್ತರ: ಅವಸರ ಬೇಡ. ಎಣ್ಣೆ ಯಾಕೆ ಕೆಟ್ಟಿತು ಅಂತ ತಿಳಿಯದೆ ಹೊಸದು ಹಾಕಿದರೆ ಅದೂ ಕೆಡುತ್ತದೆ, ಅಲ್ವಾ?

ನಿಮ್ಮ ಮೀಟರ್ ತೋರಿಸುವ 270 ಡಿಗ್ರಿ ಪೈಪಿನ ನಡುವೆ ಹರಿಯುವ ಎಣ್ಣೆಯದು. ಎಣ್ಣೆ ಕಾಯುವ ಸುರುಳಿ ಪೈಪಿನ, ಅಂದರೆ ಕಾಯಿಲಿನ ಒಳಗೋಡೆಗೆ ಅಂಟಿಕೊಂಡು ಸಾಗುವ ತೆಳು ಪದರ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ಹರಿವು ಚೆನ್ನಾಗಿದ್ದಾಗ ಈ ವ್ಯತ್ಯಾಸ ಹಿಡಿತದಲ್ಲಿರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಅಥವಾ ಪಂಪ್ ಸವೆದರೆ ಆ ಪದರ ಮಿತಿ ದಾಟುತ್ತದೆ. ಆಗ ಎಣ್ಣೆಯ ಅಣುಗಳೇ ಒಡೆಯುತ್ತವೆ, ಪಾತ್ರೆ ತಳ ಹಿಡಿದ ಹಾಗೆ ಗೋಡೆಗೆ ಇಂಗಾಲ ಕಟ್ಟುತ್ತದೆ. ಕರೆಂಟ್ ಹೋದಾಗಲೂ ಇದೇ ಕಥೆ. ಪಂಪ್ ನಿಲ್ಲುತ್ತದೆ, ಕುಲುಮೆಯ ಇಟ್ಟಿಗೆಯ ಬಿಸಿ ಎಲ್ಲಿಗೂ ಹೋಗಿರುವುದಿಲ್ಲ. ಸೌದೆ ಉರಿಸುವ ಹೀಟರಾದರೆ ಬೆಂಕಿಯೂ ಆರುವುದಿಲ್ಲ. ನಿಂತ ಎಣ್ಣೆ ಅಲ್ಲೇ ಬೇಯುತ್ತದೆ. ತುರ್ತು ಪಂಪ್ ನಿಮ್ಮಲ್ಲಿದೆಯಾ, ಇದ್ದರೆ ಅದು ಓಡುತ್ತದೆಯಾ ನೋಡಿ.

ಆದರೆ ನೀವು "ಮಂದವಾಗಿದೆ" ಎಂದಿರುವುದರಿಂದ ನನಗೆ ಮೊದಲ ಅನುಮಾನ, ಎಣ್ಣೆ ಕಾದು ಹಿಗ್ಗಿದಾಗ ಹೆಚ್ಚಾದದ್ದನ್ನು ಹಿಡಿಯುವ ಎಕ್ಸ್‌ಪಾನ್ಷನ್ ಟ್ಯಾಂಕಿನ ಮೇಲೆ. ಪ್ಲಾಂಟಿನಲ್ಲಿದ್ದಾಗ ಹೊಸದಾಗಿ ಬಂದ ಹುಡುಗರಿಗೆ ನಾನು ಮೊದಲು ತೋರಿಸುತ್ತಿದ್ದದ್ದು ಆ ಟ್ಯಾಂಕನ್ನೇ. ಎಣ್ಣೆಗೆ ಗಾಳಿ ತಾಗುವುದು ಅಲ್ಲಿ ಮಾತ್ರ. ಅಲ್ಲಿ ಎಣ್ಣೆ 60 ಡಿಗ್ರಿಗಿಂತ ಕೆಳಗಿದ್ದರೆ ಚಿಂತೆಯಿಲ್ಲ. ಬಿಸಿ ಏರಿದಂತೆ ಗಾಳಿಯ ಆಮ್ಲಜನಕ ಎಣ್ಣೆಯನ್ನು ಹುಳಿ ಮಾಡಿ, ಗಟ್ಟಿ ಮಾಡಿ, ಕೆಸರು ತರುತ್ತದೆ. ಶುರು ಮಾಡುವಾಗ ಆವಿ, ಗಾಳಿ ಹೋಗಲಿ ಅಂತ ಟ್ಯಾಂಕಿನ ಮೂಲಕ ಎಣ್ಣೆ ಸುತ್ತಿಸುವ ವಾಲ್ವ್ ಒಂದಿರುತ್ತದೆ. ಅದನ್ನು ಮುಚ್ಚಲು ಮರೆಯುತ್ತಾರೆ. ಮುಂದೆ ಬಿಸಿ ಎಣ್ಣೆ ದಿನಾ ಟ್ಯಾಂಕಿನೊಳಗೇ ಸುತ್ತುತ್ತದೆ. ಇವತ್ತೇ ಟ್ಯಾಂಕಿನ ಉಷ್ಣತೆ ಅಳೆಯಿರಿ. ಕೈಯಿಟ್ಟು ನೋಡಬೇಡಿ. ಬಿಸಿ ಇದ್ದೇ ಇರುತ್ತದೆ ಎನ್ನುವ ಕಡೆ ಟ್ಯಾಂಕಿನ ಮೇಲ್ಭಾಗಕ್ಕೆ ನೈಟ್ರೋಜನ್ ತುಂಬುತ್ತಾರೆ.

ಆಮೇಲೆ ಸ್ಯಾಂಪಲ್ ಕಳಿಸಿ. ಟ್ಯಾಂಕಿನ ತಳದಿಂದಲ್ಲ, ಓಡುತ್ತಿರುವ ಲೈನಿನಿಂದ, ಕೂಲರ್ ಮೂಲಕ ತಣಿಸಿ ತೆಗೆಯಬೇಕು. ವಿಸ್ಕಾಸಿಟಿ (ಎಣ್ಣೆ ಎಷ್ಟು ಮಂದ), ಫ್ಲಾಶ್ ಪಾಯಿಂಟ್ (ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ), ಆಸಿಡ್ ನಂಬರ್ (ಎಷ್ಟು ಹುಳಿಯಾಗಿದೆ) ಮೂರೂ ಕೇಳಿ. ಆಸಿಡ್ ನಂಬರ್ ಏರಿದ್ದರೆ ತಪ್ಪು ಟ್ಯಾಂಕಿನ ಕಡೆ. ಫ್ಲಾಶ್ ಪಾಯಿಂಟ್ ಇಳಿದಿದ್ದರೆ ಕಾಯಿಲಿನ ಕಡೆ. ಬಣ್ಣ ಸುಮ್ನೆ ಹೆದರಿಸುತ್ತದೆ, ಅಷ್ಟೇ.

ಇನ್ನು ಸಿಂಥೆಟಿಕ್. ಅದರಲ್ಲೂ ಹಲವು ಬಗೆ. 400 ಡಿಗ್ರಿವರೆಗೆ ಹೋಗುತ್ತದೆ ಎಂದು ಹೊಗಳುವ ಬೈಫಿನೈಲ್, ಡೈಫಿನೈಲ್ ಆಕ್ಸೈಡ್ ಮಿಶ್ರಣ 257 ಡಿಗ್ರಿಗೇ ಕುದಿಯುತ್ತದೆ. ನಿಮ್ಮ 270ರಲ್ಲಿ ಅದು ದ್ರವವಾಗಿ ಉಳಿಯಲು ಒತ್ತಡ ಬೇಕು. ಗಾಳಿಗೆ ತೆರೆದ ಟ್ಯಾಂಕಿಗೆ ಅದನ್ನು ಸುರಿಯುವಂತಿಲ್ಲ. 12 ಡಿಗ್ರಿಗೆ ಗಟ್ಟಿಯಾಗುವುದು ಬೇರೆ. ಯಾವ ಬಗೆ ಎಂದು ಸಪ್ಲೈಯರನ್ನು ಮೊದಲು ಕೇಳಿ. ನನ್ನ ಮಟ್ಟಿಗೆ, 270ಕ್ಕೆ ಒಳ್ಳೆಯ ಮಿನರಲ್ ಎಣ್ಣೆಯೇ ಸಾಕು.

ಪ್ರಶ್ನೆ: ಇಷ್ಟೆಲ್ಲ ರಗಳೆ ಯಾಕೆ? ನೀರನ್ನೇ ಬಳಸಬಾರದಾ?

ಉತ್ತರ: ಶಾಖ ಹೊರುವುದರಲ್ಲಿ ನೀರಿಗೆ ಸಾಟಿಯಿಲ್ಲ. ಆದರೆ 250 ಡಿಗ್ರಿಯಲ್ಲಿ ನೀರನ್ನು ನೀರಾಗಿಯೇ ಇಡಲು ಸುಮಾರು 40 ಬಾರ್ ಒತ್ತಡ ಬೇಕು. ಎಣ್ಣೆಗೆ ಪಂಪಿನ ಒತ್ತಡವೇ ಸಾಕು.

ಪ್ರಶ್ನೆ: ನಮ್ಮ ಚಿಲ್ಲರ್ ಮೈನಸ್ 5 ಡಿಗ್ರಿಯ ದ್ರವ ಕೊಡಬೇಕು. ಗಾಡಿಯ ರೇಡಿಯೇಟರ್ ಕೂಲೆಂಟ್ ಹಾಕಿದರೆ ನಡೆಯುತ್ತದಾ?

ಉತ್ತರ: ಬೇಡ. ಗಾಡಿಯ ಎಷ್ಟೋ ಕೂಲೆಂಟುಗಳಲ್ಲಿ ಎಂಜಿನ್ನಿನ ಅಲ್ಯೂಮಿನಿಯಂ ಕಾಪಾಡಲು ಸಿಲಿಕೇಟ್ ಇರುತ್ತದೆ. ಅದು ಕಾಲಕ್ರಮೇಣ ಲೋಳೆಯಾಗಿ, ಒಂದು ದ್ರವದ ಶಾಖವನ್ನು ಇನ್ನೊಂದಕ್ಕೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿಗೆ ಅಂಟುತ್ತದೆ. ತುಕ್ಕು ತಡೆಯುವ ರಾಸಾಯನಿಕ ಬೆರೆಸಿದ ಕೈಗಾರಿಕಾ ಗ್ಲೈಕಾಲ್ ತನ್ನಿ. ನೀರು ಹೆಪ್ಪುಗಟ್ಟದಂತೆ ಬೆರೆಸುವ ದ್ರವ ಅದು.

ಎಷ್ಟು ಬೆರೆಸಬೇಕು ಎನ್ನುವಾಗ ಹೊರಬರುವ ಮೈನಸ್ 5 ನೋಡಬೇಡಿ. ಚಿಲ್ಲರಿನಲ್ಲಿ ದ್ರವ ತಣಿಸುವ ಭಾಗವಾದ ಇವಾಪರೇಟರಿನ ಗೋಡೆ ಅದಕ್ಕಿಂತ ತಣ್ಣಗಿರುತ್ತದೆ, ಮಂಜುಗಡ್ಡೆ ಅಲ್ಲೇ ಕಟ್ಟುವುದು. ಗಾತ್ರದ ಲೆಕ್ಕದಲ್ಲಿ ಶೇ. 30 ಎಥಿಲೀನ್ ಗ್ಲೈಕಾಲ್ ಇದ್ದರೆ ಸುಮಾರು ಮೈನಸ್ 15ರವರೆಗೆ ಹೆಪ್ಪುಗಟ್ಟುವುದಿಲ್ಲ. ನಿಮಗೆ ಸಾಮಾನ್ಯವಾಗಿ ಅಷ್ಟು ಸಾಕು. ಇರಲಿ ಅಂತ ಶೇ. 50 ಸುರಿದರೆ ದ್ರವ ಮಂದವಾಗಿ ಪಂಪಿಗೆ ಭಾರ, ಶಾಖ ಹೊರುವುದೂ ಕಡಿಮೆ. ಶೇ. 20ಕ್ಕಿಂತ ಇಳಿಸಿದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬೆರೆಸಲು ಬೋರ್‌ವೆಲ್ ನೀರು ಬೇಡ, ಲವಣ ತೆಗೆದ ಡಿಎಂ ನೀರೇ ಆಗಬೇಕು. ಸತು ಲೇಪಿಸಿದ ಜಿಐ ಪೈಪ್ ಇದ್ದರೆ ಅದೂ ಬೇಡ, ಸತು ಆ ರಾಸಾಯನಿಕಗಳೊಂದಿಗೆ ಸೇರಿ ಕೆಸರಾಗುತ್ತದೆ.

ನೀವು ತಣಿಸುತ್ತಿರುವುದು ತಿನ್ನುವ, ಕುಡಿಯುವ ಪದಾರ್ಥವಾ ಎಂದು ಬರೆದಿಲ್ಲ. ಹಾಗಿದ್ದರೆ ಎಥಿಲೀನ್ ಬಿಡಿ, ಅದು ವಿಷ. ಪ್ರೊಪಿಲೀನ್ ಗ್ಲೈಕಾಲ್ ಹಾಕಿ. ಅದು ಇನ್ನೂ ಮಂದ, ಹಾಗಾಗಿ ಪಂಪ್ ತಡೆಯುತ್ತದಾ ಅಂತ ಮೊದಲೇ ಲೆಕ್ಕ ಹಾಕಿಸಿ.