ಜುಲೈ ತಿಂಗಳಲ್ಲಿ ಊರು ಬಿಡುವ ತೀರ್ಮಾನ ಬೇಡ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ದಂಪತಿಯ ಒಪ್ಪಿಗೆ ಪಡೆದು ಬರೆದ ಪ್ರಕರಣ.)

ಪತಿಗೆ ನಲವತ್ತರ ಆಸುಪಾಸು. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾರೆ. ಪತ್ನಿ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದು, ರಾಜೀನಾಮೆ ಕೊಟ್ಟು ಬಂದವರು. ಜೊತೆಗೆ ಮೂರನೇ ತರಗತಿಯ ಮಗಳು ಮತ್ತು ಪತಿಯ ತಾಯಿ. ಡಿಸೆಂಬರ್ ರಜೆಯಲ್ಲಿ ಕಾರವಾರ ನೋಡಿ ಮನಸೋತ ಕುಟುಂಬ ಇದು. ಕಾಳಿ ನದಿ ಕಡಲು ಸೇರುವ ಜಾಗ, ಹತ್ತು-ಹದಿನೈದು ನಿಮಿಷದಲ್ಲಿ ಊರಿನ ಈ ತುದಿಯಿಂದ ಆ ತುದಿ ಮುಟ್ಟಬಹುದಾದ ರಸ್ತೆಗಳು, ಸಂಜೆ ಮಗಳು ಮರಳಿನಲ್ಲಿ ಓಡಾಡಿದ್ದು, ಇಷ್ಟು ಸಾಕಾಯಿತು. ಏಪ್ರಿಲ್‌ನಲ್ಲಿ ಸಾಮಾನು ಸಮೇತ ಬಂದು ಸಮುದ್ರ ಕಾಣುವ ಮೊದಲ ಮಹಡಿಯ ಮನೆ ಹಿಡಿದರು.

ಜುಲೈ ಮೂರನೇ ವಾರ ನಮ್ಮಲ್ಲಿಗೆ ಆಪ್ತಸಲಹೆಗೆ ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಪತ್ನಿ ಹೇಳಿದ್ದು: "ಇವರಿಗೆ ಕಿಟಕಿಯಲ್ಲಿ ಸಮುದ್ರ ಕಾಣ್ತದೆ, ನನಗೆ ಒಣಗದ ಬಟ್ಟೆ ಕಾಣ್ತದೆ. ಅದನ್ನ ಹೇಳಿದ್ರೆ ನಿನಗೆ ಯಾವುದರಲ್ಲೂ ಸಂತೋಷ ಇಲ್ಲ ಅಂತಾರೆ." ಪತಿಯ ದೂರು ಬೇರೆ: "ಇಷ್ಟು ಒಳ್ಳೆ ಜಾಗಕ್ಕೆ ಕರ್ಕೊಂಡು ಬಂದೆ ಮೇಡಂ, ದಿನಾ ವಾಪಸ್ ಹೋಗೋಣ ಅಂತಾಳೆ."

ಊರು ಬದಲಿಸಿದ ಮೂರು ತಿಂಗಳೊಳಗೆ ಅಳು, ನಿದ್ದೆಗೇಡು, ಸಿಡುಕು ಕಾಣಿಸಿಕೊಂಡರೆ ಹೊಂದಾಣಿಕೆಯ ತೊಂದರೆ (ಹೊಸ ಪರಿಸ್ಥಿತಿಗೆ ಮನಸ್ಸು ಒಗ್ಗದೆ ಆಗುವ ಸಂಕಟ) ಇರಬಹುದು. ಖಿನ್ನತೆಯೂ ಇರಬಹುದು. ಇವೆರಡನ್ನು ಬೇರ್ಪಡಿಸದೆ "ಮಳೆ ನಿಂತ ಮೇಲೆ ಸರಿಹೋಗ್ತದೆ" ಎಂದು ಕಳಿಸುವುದು ಅಪಾಯ. ಹಾಗಾಗಿ ಪತ್ನಿಯೊಬ್ಬರನ್ನೇ ಕೂರಿಸಿ ಕೇಳಿದ್ದು: ಎರಡು ವಾರದಿಂದ ಹೆಚ್ಚುಕಡಿಮೆ ಪ್ರತಿದಿನ ಮನಸ್ಸು ಕುಗ್ಗಿದೆಯೇ? ಮೊದಲು ಇಷ್ಟವಾಗುತ್ತಿದ್ದ ಕೆಲಸ ಈಗ ಬೇಡವಾಗಿದೆಯೇ? ಊಟ, ನಿದ್ದೆ ಹೇಗಿದೆ? ತಾನು ಯಾರಿಗೂ ಬೇಡವಾದವಳು ಅನ್ನಿಸುತ್ತದೆಯೇ? ಸಾಯುವ ಯೋಚನೆ ಬಂದಿದೆಯೇ? ಈ ಕೊನೆಯ ಪ್ರಶ್ನೆಯನ್ನು ನೇರವಾಗಿಯೇ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರಿಗೆ ಅಂಥ ಯೋಚನೆ ಇರಲಿಲ್ಲ. ಊಟ ಸರಿಯಿತ್ತು, ಮಗಳ ಜೊತೆ ನಗುವುದಿತ್ತು, ಬೆಂಗಳೂರಿನ ಗೆಳತಿಯರೊಂದಿಗೆ ಫೋನಿನಲ್ಲಿ ಮಾತಾಡಿದ ದಿನ ನಿದ್ದೆಯೂ ಬರುತ್ತಿತ್ತು. ಇದು ಹೊಂದಾಣಿಕೆಯ ತೊಂದರೆ ಎಂದುಕೊಂಡು ಮುಂದುವರಿದೆವು. ಎರಡು ವಾರದಲ್ಲಿ ಹಗುರಾಗದಿದ್ದರೆ ಮನೋವೈದ್ಯರನ್ನು ನೋಡುವುದೆಂದು ಆಗಲೇ ಮಾತಾಯಿತು. ರಾತ್ರಿ ಹೊತ್ತು ತಡೆಯಲಾಗದಷ್ಟು ಸಂಕಟವಾದರೆ ಎಂದು ಟೆಲಿ ಮಾನಸ್ ಸಹಾಯವಾಣಿ 14416 ಬರೆದು ಕೊಟ್ಟದ್ದೂ ಆಯಿತು. ಅದು ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮುಂದೆ ಅವರ ದೂರುಗಳನ್ನೆಲ್ಲ ಕಾಗದದಲ್ಲಿ ಬರೆಸಿ, ಮಳೆಗಾಲದ್ದು ಯಾವುದು, ಮನೆಯದ್ದು ಯಾವುದು, ಗಂಡ-ಹೆಂಡಿರ ನಡುವಿನದು ಯಾವುದು ಎಂದು ಬೇರೆ ಮಾಡಿಸಿದೆವು. ಪತಿಗೆ ಆಶ್ಚರ್ಯವಾದದ್ದು ಇಲ್ಲಿ. ಬರೆದದ್ದರಲ್ಲಿ ಅರ್ಧಕ್ಕೂ ಹೆಚ್ಚು, ಕೈಯಿಂದ ಸರಿಪಡಿಸಬಹುದಾದ ಮನೆಯ ವಿಷಯಗಳು. ಇವನ್ನು ಸಣ್ಣದೆಂದು ಬದಿಗಿಡುವ ಸಲಹೆಗಾರರಿದ್ದಾರೆ. ಕರಾವಳಿಯಲ್ಲಿ ಅದು ತಪ್ಪು. ಬೂಷ್ಟು ಹಿಡಿದ ಗೋಡೆ, ಮುಗ್ಗಲು ವಾಸನೆಯ ಹಾಸಿಗೆ, ಅತ್ತೆಯ ಕೆಮ್ಮು ದಿನವಿಡೀ ಮೈಮೇಲೆ ಇರುವಾಗ ಮನಸ್ಸನ್ನು ಮಾತ್ರ ಸರಿಮಾಡಲು ಆಗುವುದಿಲ್ಲ.

ಕಡಲ ಕಡೆ ಮುಖ ಮಾಡಿದ ಮನೆಯನ್ನು ಮಳೆಯಿಲ್ಲದ ದಿನಗಳಲ್ಲಿ ನೋಡಿ ಒಪ್ಪುವುದೇ ಮೊದಲ ಎಡವಟ್ಟು. ಜೂನ್ ಬಂದರೆ ನೈಋತ್ಯದ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತದೆ. ಕಿಟಕಿಯ ಸಂದಿಯಿಂದ ನೀರು ಒಳಬಂದು ಪಶ್ಚಿಮದ ಗೋಡೆ ನೆನೆಯುತ್ತದೆ. ಅವರ ಬಟ್ಟೆಯ ಕಪಾಟು ಆ ಗೋಡೆಗೇ ಒತ್ತಿ ನಿಂತಿತ್ತು. ಹೇಳಿದ ಕೆಲಸಗಳು ಇವು. ಕಪಾಟನ್ನು ಒಳಗೋಡೆಗೆ ಸ್ಥಳಾಂತರಿಸಿ ಗೋಡೆಯಿಂದ ನಾಲ್ಕು ಇಂಚು ಬಿಡುವುದು. ಕಿಟಕಿಗೆ ಹೊರಗಿನಿಂದ ತಗಡಿನದೋ ಸೋಗೆಯದೋ ಮರೆ ಕಟ್ಟಿಸಲು ಮನೆ ಮಾಲೀಕರನ್ನು ಕೇಳುವುದು. ಬೂಷ್ಟು ಕಂಡಲ್ಲಿ ಹತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ದ್ರಾವಣ ಬೆರೆಸಿ ಒರೆಸುವುದು. ಆಗ ಕಿಟಕಿ ತೆರೆದಿರಬೇಕು, ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಲೇಬಾರದು, ವಿಷಾನಿಲ ಏಳುತ್ತದೆ. ಕೆಮ್ಮಿರುವ ಅತ್ತೆ ಆ ಹೊತ್ತು ಬೇರೆ ಕೋಣೆಯಲ್ಲಿರಬೇಕು. ಬಟ್ಟೆ ಒಣಗಿಸಲು ಒಂದೇ ಕೋಣೆ ಗೊತ್ತುಮಾಡಿ, ಫ್ಯಾನಿನ ಕೆಳಗೆ ಹಗ್ಗ ಕಟ್ಟಿ, ಬಟ್ಟೆಗಳ ನಡುವೆ ಒಂದು ಗೇಣು ಅಂತರ ಬಿಡುವುದು. ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಬೇಡ. ಆ ಮನೆಯಲ್ಲಿ ಜಗಳ ಶುರುವಾಗುತ್ತಿದ್ದದ್ದು ಹೆಚ್ಚಾಗಿ ಅಲ್ಲಿಂದಲೇ. ತೇವ ತೆಗೆಯುವ ಯಂತ್ರ ಕೊಂಡರೆ ಕೋಣೆಯ ತೇವಾಂಶ ಶೇ 60ರ ಒಳಗೆ ಬರುವಂತೆ ಬಾಗಿಲು ಮುಚ್ಚಿ ಓಡಿಸಬೇಕು. ಬಾಗಿಲು ತೆರೆದಿಟ್ಟರೆ ಕರೆಂಟು ಖರ್ಚು ಬಿಟ್ಟು ಬೇರೇನೂ ಆಗದು. ರವೆ, ಹಿಟ್ಟನ್ನು ಹದವಾಗಿ ಹುರಿದು ಗಾಳಿಯಾಡದ ಡಬ್ಬಿಯಲ್ಲಿಡಬೇಕು, ಹದಿನೈದು ದಿನಕ್ಕಾಗುವಷ್ಟು ಮಾತ್ರ ತರಬೇಕು.

ಮಳೆಗಾಲದ ಪಟ್ಟಿಯಲ್ಲಿ ಪತ್ನಿ ಮೊದಲು ಬರೆದದ್ದು ಭಯ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಇದನ್ನೆಲ್ಲ ಓದಿದ ಅವರು ಪತಿ ಕಾರು ತೆಗೆದರೆ ಬಾಗಿಲಲ್ಲೇ ನಿಲ್ಲುತ್ತಿದ್ದರು. ಪತಿ ಅದನ್ನು ಅತಿಯಾದ ಹೆದರಿಕೆ ಎಂದರು. ನಡೆದುಹೋದದ್ದನ್ನು ನೆನೆದು ಹೆದರುವುದು ಕಾಯಿಲೆಯಲ್ಲ. ಆ ಭಯಕ್ಕೊಂದು ನಿಯಮ ಬೇಕಿತ್ತು. ಮನೆಯವರೆಲ್ಲ ಒಪ್ಪಿದ ನಿಯಮ ಹೀಗಿದೆ: ಜಿಲ್ಲೆಗೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇರುವ ದಿನ ಘಟ್ಟ ಹತ್ತುವುದಿಲ್ಲ. ಮಳೆಗಾಲದಲ್ಲಿ ಹುಬ್ಬಳ್ಳಿ ದಾರಿಯ ಅರಬೈಲು ಘಟ್ಟದ ಪ್ರಯಾಣ ಹಗಲಿನಲ್ಲಿ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರೂ ನೀರಿಗಿಳಿಯುವುದಿಲ್ಲ. ಅತ್ತೆಯ ಬಿಪಿ, ಸಕ್ಕರೆ ಮಾತ್ರೆ ಹದಿನೈದು ದಿನಕ್ಕೆ ಹೆಚ್ಚುವರಿಯಾಗಿ ಮನೆಯಲ್ಲಿರಬೇಕು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆದರೂ ದೊಡ್ಡ ತುರ್ತಿಗೆ ಇಲ್ಲಿಯವರು ಗೋವಾ, ಹುಬ್ಬಳ್ಳಿ, ಮಣಿಪಾಲದ ಕಡೆ ಓಡುವುದಿದೆ. ಎಲ್ಲಿಗೆ, ಯಾವ ದಾರಿ, ಯಾರ ಗಾಡಿ ಎಂಬುದನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ ದಿನ ತನಗೆ ನಿದ್ದೆ ಬಂತೆಂದು ಪತ್ನಿ ಮುಂದಿನ ಭೇಟಿಯಲ್ಲಿ ಹೇಳಿದರು.

ಮೂರನೇ ಪಟ್ಟಿಗೆ ಹೆಚ್ಚು ಹೊತ್ತು ಬೇಕಾಯಿತು. ಬೆಂಗಳೂರಿನಲ್ಲಿ ಪತಿಗೆ ದಿನಕ್ಕೆ ಎರಡೂವರೆ ಗಂಟೆ ರಸ್ತೆಯಲ್ಲೇ ಹೋಗುತ್ತಿತ್ತು. ಆ ಹೊತ್ತು ಮನೆಗೆ ಸಿಗುತ್ತದೆಂಬ ಮಾತಿನ ಮೇಲೆಯೇ ಊರು ಬಿಟ್ಟು ಬಂದದ್ದು. ಅರ್ಧ ಗಂಟೆಗೊಂದು ಗೆರೆಯಂತೆ ಒಂದು ವಾರ ಇಬ್ಬರೂ ನೋಟ್‌ಪುಸ್ತಕದಲ್ಲಿ ದಿನಚರಿ ಬರೆಯಬೇಕೆಂದು ಹೇಳಲಾಯಿತು. ಪತಿಯ ಪುಸ್ತಕದಲ್ಲಿ ಬೆಳಗ್ಗೆ ಏಳೂವರೆಗೇ ಲ್ಯಾಪ್‌ಟಾಪ್ ತೆರೆದದ್ದು, ರಾತ್ರಿ ಒಂಬತ್ತರ ಮೀಟಿಂಗು, ಊಟದ ಪಕ್ಕದಲ್ಲಿ "ಕಾಲ್‌ನಲ್ಲಿ" ಎಂಬ ಬರಹ. ರಸ್ತೆಯಲ್ಲಿ ಹೋಗದೆ ಉಳಿದ ಹೊತ್ತನ್ನು ಕಚೇರಿಯೇ ನುಂಗಿತ್ತು. ಪತ್ನಿಯ ಪುಸ್ತಕದಲ್ಲಿ ಮಳೆಯ ರಜೆ ಘೋಷಣೆಯಾದ ದಿನಗಳೇ ತುಂಬಿದ್ದವು. ಜಿಲ್ಲಾಡಳಿತ ಶಾಲೆಗೆ ರಜೆ ಕೊಟ್ಟ ದಿನ ಮಗಳು, ಅತ್ತೆ, ಅಡುಗೆ, ಒದ್ದೆ ಬಟ್ಟೆ ಎಲ್ಲವೂ ಒಬ್ಬರ ಪಾಲಿಗೆ. ಆ ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟಾಗ ಪತಿ ತಾವಾಗಿಯೇ ಮಾತು ನಿಲ್ಲಿಸಿದರು. ವಾದ ಮಾಡಿ ಅಷ್ಟು ದೂರ ಬರಲಾಗುತ್ತಿರಲಿಲ್ಲ.

ಸಲಹೆ ಹೀಗಿತ್ತು. ಸಂಜೆ ಆರರಿಂದ ಎಂಟು ಪತಿಯ ಲ್ಯಾಪ್‌ಟಾಪ್ ಮುಚ್ಚಿರಬೇಕು, ಕಂಪನಿಯ ಕ್ಯಾಲೆಂಡರಿನಲ್ಲೂ ಆ ಹೊತ್ತನ್ನು ಕಾದಿರಿಸಬೇಕು. ಮಳೆ ರಜೆಯ ದಿನ ಮಧ್ಯಾಹ್ನದವರೆಗೆ ಮಗಳ ಹೊಣೆ ಅವರದು. ಕರೆಂಟು ಹೋದರೆ ಕೆಲಸ ನಿಂತು ಸಿಟ್ಟು ಮನೆಯವರ ಮೇಲೆ ತಿರುಗುತ್ತಿತ್ತು. ಅದಕ್ಕಾಗಿ ಇನ್ವರ್ಟರ್ ಮತ್ತು ಫೈಬರ್‌ಗಿಂತ ಬೇರೆ ಕಂಪನಿಯ ಮೊಬೈಲ್ ಡೇಟಾ. ಪತ್ನಿಗೆ ಸಂಬಳ ನಿಂತದ್ದು ಸಣ್ಣ ವಿಷಯವಲ್ಲ. ಪ್ರತಿ ತಿಂಗಳು ಕೇಳದೆಯೇ ಅವರ ಖಾತೆಗೆ ಒಂದು ಮೊತ್ತ ಬೀಳಬೇಕು, ವಾರಕ್ಕೆ ಹದಿನೈದು ಗಂಟೆ ಅವರ ಸ್ವಂತ ಕೆಲಸಕ್ಕೆ ಮೀಸಲಿರಬೇಕು. ಊರಿನ ಎರಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವುದರಿಂದ ಅವರು ಶುರು ಮಾಡಿದರು.

ನೆರೆಯವರು ಕೊಂಕಣಿಯಲ್ಲಿ ಮಾತಾಡುವಾಗ ತನ್ನನ್ನೇ ಆಡಿಕೊಳ್ಳುತ್ತಾರೆ ಎಂದು ಅವರಿಗೆ ಅನ್ನಿಸುತ್ತಿತ್ತು. ಒಂಟಿತನದಲ್ಲಿ ಹೀಗಾಗುವುದು ಸಾಮಾನ್ಯ. ಇದಕ್ಕೆ ಸಂಘ-ಸಂಸ್ಥೆ ಸೇರಿರಿ ಎಂದು ಹೇಳಲಿಲ್ಲ. ಹೊಸ ಊರಿನಲ್ಲಿ ಸ್ನೇಹ ಬೆಳೆಯುವುದು ಅದೇ ಜನರನ್ನು ಅದೇ ಜಾಗದಲ್ಲಿ ಮತ್ತೆ ಮತ್ತೆ ಕಂಡಾಗ. ಭಾನುವಾರದ ಸಂತೆಗೆ ಅವರೇ ಹೋಗುವುದು, ಪ್ರತಿ ವಾರ ತರಕಾರಿ ಮಾರುವ ಅದೇ ಅಮ್ಮನ ಬಳಿ ಕೊಳ್ಳುವುದು, ಆ ವಾರ ಬಂದ ಗೊತ್ತಿಲ್ಲದ ತರಕಾರಿಯೊಂದನ್ನು ಹೇಗೆ ಮಾಡುವುದೆಂದು ಕೇಳಿ ತರುವುದು. ಕೆಸು, ಬಸಳೆ, ಮೊಗೆಕಾಯಿ ಹೀಗೆ ಅಡುಗೆಮನೆಗೆ ಬಂದವು. ಘಟ್ಟದ ಮೇಲಿನ ತರಕಾರಿಗೆ ಮಳೆಯಲ್ಲಿ ಬೆಲೆ ಏರುವುದರಿಂದ ಖರ್ಚೂ ತಗ್ಗಿತು.

ಇರುವುದೋ ಹೊರಡುವುದೋ ಎಂಬ ಪ್ರಶ್ನೆಯನ್ನು ಜನವರಿಗೆ ಮುಂದೂಡಿ, ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಲಾಯಿತು. ಅಲ್ಲಿಯವರೆಗೆ ಆ ಮಾತು ಎತ್ತುವಂತಿಲ್ಲ, ಇಲ್ಲಿ ಮನೆ-ಜಾಗ ಕೊಳ್ಳುವಂತೆಯೂ ಇಲ್ಲ. ಡಿಸೆಂಬರಿನ ಬೆಳಕಿನಲ್ಲಿ ಮಾಡಿದ ನಿರ್ಧಾರದಷ್ಟೇ ಜುಲೈ ಕತ್ತಲಿನಲ್ಲಿ ಮಾಡಿದ್ದೂ ಅರೆಬರೆ. ತೀರಾ ಸಹಿಸಲಾಗದಿದ್ದರೆ ಪತ್ನಿ ಒಂದು ವಾರ ತವರಿಗೆ ಹೋಗಿಬರಬಹುದು, ಅದನ್ನು ಯಾರೂ ಸೋಲೆಂದು ಎಣಿಸುವುದಿಲ್ಲ ಎಂದೂ ಮಾತಾಯಿತು.

ಜನವರಿಯಲ್ಲಿ ಅವರು ತೀರ್ಮಾನಿಸಿದ್ದು ಇಷ್ಟು: ಕಾರವಾರದಲ್ಲೇ ಇನ್ನೊಂದು ವರ್ಷ, ಆದರೆ ಸಮುದ್ರದಿಂದ ಒಳಗೆ, ಹೆಂಚಿನ ಮಾಡು ಮತ್ತು ಅಗಲ ಜಗಲಿ ಇರುವ ಬಾಡಿಗೆ ಮನೆಯಲ್ಲಿ. ಅತ್ತೆಗೆ ಕೆಮ್ಮು ಪೂರ್ತಿ ಹೋಗಿಲ್ಲ. ಮಳೆಯ ಮೂರು ತಿಂಗಳು ಅವರು ಮೈಸೂರಿನ ಮಗಳ ಮನೆಯಲ್ಲಿರುತ್ತಾರೆ. ರಾತ್ರಿಯ ಮೀಟಿಂಗ್ ವಾರಕ್ಕೆ ಎರಡು ಇನ್ನೂ ಉಳಿದಿದೆ, ಆ ವಿಷಯದ ಮಾತು ನಡೆಯುತ್ತಿದೆ.