ಕಪ್ಪತಗುಡ್ಡದ ಹಳ್ಳ: ಒಂದು ಮಳೆಗಾಲದ ಅಳತೆ ಸಾಕಾ?

ಮರ ಹೋದರೆ ಹಳ್ಳದ ನೀರೂ ಕಮ್ಮಿ ಅಂತ ಒಂದೇ ಮಳೆಗಾಲ ಅಳೆದು ತೋರಿಸಬಹುದಾ ಅಂತ ಕೇಳಿದ್ದೀರಿ. ಕಷ್ಟ. ನಮ್ಮ ಗದಗ ಕಡೆ ಒಂದು ವರ್ಷದ ಮಳೆ ಇನ್ನೊಂದು ವರ್ಷದ ಹಾಗೆ ಇರುತ್ತದಾ?

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್ ಕಾಡಿನಲ್ಲಿ ಅಳತೆ 1950ರ ದಶಕದಿಂದ ನಡೆದಿದೆ. ಹಳ್ಳಕ್ಕೆ ಕಟ್ಟೆ ಕಟ್ಟಿ, ‘ವಿ’ ಆಕಾರದ ಕಂಡಿಯಲ್ಲಿ ನೀರಿನ ಎತ್ತರ ನೋಡಿ, ಎಷ್ಟು ನೀರು ಹರಿಯುತ್ತಿದೆ ಅಂತ ಲೆಕ್ಕ ಹಾಕುತ್ತಾರೆ. 1965ರ ಕೊನೆಗೆ ಒಂದು ಹಳ್ಳದ ಸುತ್ತಲಿನ ಮರವನ್ನೆಲ್ಲ ಕಡಿದು, ಮತ್ತೆ ಚಿಗುರದಂತೆ ಕಳೆನಾಶಕ ಹೊಡೆದರು. ಕಡಿಯದ ಇನ್ನೊಂದು ಹಳ್ಳದ ಜೊತೆ ಹೋಲಿಸಿದರೆ ನೀರು ಜಾಸ್ತಿಯೇ ಆಗಿತ್ತು! ಮರ ಹೀರಿ ಗಾಳಿಗೆ ಬಿಡುತ್ತಿದ್ದದ್ದು ಹಳ್ಳಕ್ಕೆ ಬಂತು, ಅಲ್ವಾ. ಜೊತೆಗೆ ಮಣ್ಣಿನ ನೈಟ್ರೇಟೂ (ಗಿಡಕ್ಕೆ ಬೇಕಾದ ಸಾರಜನಕದ ಪೋಷಕಾಂಶ) ಕೊಚ್ಚಿಹೋಯಿತು.

ಅದು ಹಿಮ ಬೀಳುವ ಕಾಡು. ನಮ್ಮ ಕುರುಚಲು ಗುಡ್ಡಕ್ಕೆ ಸುಮ್ನೆ ಅಂಟಿಸಬೇಡಿ. ಅಕ್ಕಪಕ್ಕದ ಎರಡು ಹಳ್ಳ ಆರಿಸಿ, ಮೂರ್ನಾಲ್ಕು ಮಳೆಗಾಲವಾದರೂ ಅಳೆಯಿರಿ.