ಒಂದು ಪತ್ರ, ಎರಡು ಕಾಯಿಲೆ

ಪ್ರಶ್ನೆ: ಮನೆಯಲ್ಲೇ ಕಂಪ್ಯೂಟರ್‌ನಲ್ಲಿ ಸೀರೆಯ ಅಂಚು, ಸೆರಗಿನ ವಿನ್ಯಾಸ ಮಾಡುತ್ತೇನೆ. ಪಕ್ಕದ ಕೋಣೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಮಗ್ಗ ಶುರುವಾಗುವ ಹೊತ್ತಿಗೆ ಕಂಪ್ಯೂಟರ್ ಒಮ್ಮೆಲೇ ಆರುತ್ತದೆ. ದೀಪಾವಳಿಗೆ 8 ಜಿಬಿ ರ‍್ಯಾಮ್ ಸೇರಿಸಿದೆ. ಆಮೇಲೆ ಆಗಾಗ ನೀಲಿ ಪರದೆಯೂ ಬರುತ್ತಿದೆ, ಪ್ರತಿ ಸಲ ಬೇರೆ ಸಂದೇಶ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿಸಿದ್ದಾಯಿತು. ಯುಪಿಎಸ್ ಇದೆ, ನಾಲ್ಕು ವರ್ಷ ಹಳೆಯದು. ಮದರ್‌ಬೋರ್ಡ್ ಹೋಗಿದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಬದಲಿಸಲೇ?
– ಓದುಗರು, ಬನಹಟ್ಟಿ

ಉತ್ತರ: ಬದಲಿಸಬೇಡಿ, ಈ ವಾರವಂತೂ ಬೇಡ. ನಿಮ್ಮ ಪತ್ರದಲ್ಲಿರುವುದು ಎರಡು ಕಾಯಿಲೆ. ಎರಡಕ್ಕೂ ಒಂದೇ ಮದ್ದು ಹುಡುಕಿದ್ದರಿಂದಲೇ ಯಾವುದೂ ವಾಸಿಯಾಗಿಲ್ಲ.

ಮೊದಲು ಆರುವ ವಿಷಯ. ನಾಲ್ಕು ಮೋಟಾರುಗಳು ಒಟ್ಟಿಗೆ ಎದ್ದಾಗ ಲೈನಿನ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ. ಯುಪಿಎಸ್ ಆಗ ಬ್ಯಾಟರಿಗೆ ಜಿಗಿಯುತ್ತದೆ. ಬ್ಯಾಟರಿ ಸತ್ತಿದ್ದರೆ ಕಂಪ್ಯೂಟರ್ ಆರುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ನಾಲ್ಕು ವರ್ಷ ಬಾಳಿದ ಯುಪಿಎಸ್ ಬ್ಯಾಟರಿಗೆ ನಾನು ಕೈಮುಗಿಯುತ್ತೇನೆ, ನಂಬುವುದಿಲ್ಲ. ಕಂಪ್ಯೂಟರ್ ತೆಗೆದು 60 ವಾಟ್‌ನ ಹಳೆಯ ಬಲ್ಬನ್ನು ಯುಪಿಎಸ್‌ಗೆ ಸಿಕ್ಕಿಸಿ, ಗೋಡೆಯ ಸ್ವಿಚ್ ಆರಿಸಿ. ಬಲ್ಬ್ ಕೂಡಲೇ ಆರಿದರೆ ಉತ್ತರ ಸಿಕ್ಕಿತು.

ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನೆಲ್-ಪವರ್ 41’ ಎಂದು ಕಂಡರೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಹೋಯಿತೆಂದು ಯಾರಾದರೂ ಹೇಳಬಹುದು. ಕ್ರಮವಾಗಿ ಮುಚ್ಚದೆ ಯಂತ್ರ ಆರಿತ್ತು ಎಂಬುದಷ್ಟೇ ಅದರ ಅರ್ಥ. ಏಕೆ ಆರಿತೆಂಬುದು ಅದಕ್ಕೂ ಗೊತ್ತಿರುವುದಿಲ್ಲ.

ನಾನೂ ಇಲ್ಲಿ ಎಡವಿದ್ದೇನೆ. ಬಾಗಲಕೋಟೆಯ ನವನಗರದ ಗಿರಾಕಿಯೊಬ್ಬರಿಗೆ ಹೊಸ ಮದರ್‌ಬೋರ್ಡ್ ಹಾಕಿಕೊಟ್ಟು ವಿಜಯಪುರಕ್ಕೆ ಮರಳಿದೆ. ಮೂರನೆಯ ದಿನ ಅದೇ ದೂರು. ತಪ್ಪಿತಸ್ಥ ಯಾರೆಂದರೆ ಮೇಜಿನ ಕೆಳಗಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಸಡಿಲ ಸಾಕೆಟ್. ಹಣ ಹಿಂದಿರುಗಿಸಿದೆ, ಆ ಮದರ್‌ಬೋರ್ಡ್ ಈಗಲೂ ನನ್ನ ಅಂಗಡಿಯ ಕಪಾಟಿನಲ್ಲಿದೆ.

ಬಲ್ಬ್ ಆರದಿದ್ದರೆ ಕಂಪ್ಯೂಟರಿನ ಡಬ್ಬಿ ತೆರೆಯಿರಿ. ವೈರ್ ಕಿತ್ತಿರಲಿ. ಮಗ್ಗದ ಮನೆಯ ಹತ್ತಿಯ ಜುಂಗು ಪ್ರೊಸೆಸರ್ ಮೇಲಿನ, ಶಾಖ ಹೊರಹಾಕುವ ಹೀಟ್‌ಸಿಂಕ್‌ಗೆ ಕಂಬಳಿ ಹೊದಿಸಿರುತ್ತದೆ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ವೇಗ ತಗ್ಗಿಸಿಕೊಳ್ಳುತ್ತದೆ, ಅದೂ ಸಾಲದಿದ್ದರೆ ಆರಿಬಿಡುತ್ತದೆ. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದು ಬ್ರಷ್‌ನಿಂದ ಜುಂಗು ತೆಗೆಯಿರಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ನೀಲಿ ಪರದೆಯದು ಬೇರೆ ಕಥೆ. ಸಂದೇಶ ಪ್ರತಿ ಸಲ ಬದಲಾಗುತ್ತಿದ್ದರೆ ನನ್ನ ಮೊದಲ ಅನುಮಾನ ರ‍್ಯಾಮ್ ಮೇಲೆ. ನಿಮ್ಮಲ್ಲಿ ಅದು ಶುರುವಾದದ್ದೂ ಹೊಸ ಕಡ್ಡಿ ಬಂದ ಮೇಲೆ. ಯಂತ್ರ ಏಳುವಾಗ ತೆರೆಯುವ ಬಯಾಸ್ ಸೆಟ್ಟಿಂಗ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಆಯ್ಕೆ) ಚಾಲೂ ಇದ್ದರೆ ಆಫ್ ಮಾಡಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಯಂತ್ರ ಎಬ್ಬಿಸಿ, ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ತಪ್ಪು ಕಂಡರೂ ಸಾಕು, ‘ಒಂದೇ ತಾನೇ’ ಎನ್ನಬೇಡಿ. ಆಮೇಲೆ ಒಂದೊಂದೇ ಕಡ್ಡಿಯನ್ನು ಅದೇ ಸ್ಲಾಟ್‌ನಲ್ಲಿಟ್ಟು ಮತ್ತೆ ಓಡಿಸಿ. ಎರಡೂ ಬಿಡಿಯಾಗಿ ಪಾಸಾಗಿ ಜೊತೆಗಿದ್ದಾಗ ಮಾತ್ರ ಜಗಳವಾಡಿದರೆ ಅವು ಹೊಂದದ ಜೋಡಿ, ಅಥವಾ ಎರಡನೆಯ ಸ್ಲಾಟ್ ಕೆಟ್ಟಿದೆ. ಹೊಂದುವ ಜೋಡಿ ಹಾಕಿದರೂ ಜಗಳ ನಿಲ್ಲದಿದ್ದರೆ ಮಾತ್ರ ನಿಮ್ಮ ಮೆಕ್ಯಾನಿಕ್‌ನ ಮದರ್‌ಬೋರ್ಡ್ ಮಾತು ಕೇಳೋಣ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ದಿನ ಕಾದು, ಮಗ್ಗದ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ: ಎಷ್ಟು ಗಂಟೆಗೆ ಆರಿತು, ಆಗ ಮಗ್ಗ ನಡೆಯುತ್ತಿತ್ತೇ. ಇಷ್ಟಾದರೂ ಸರಿಹೋಗದಿದ್ದರೆ ಡಬ್ಬಿ, ಎರಡೂ ರ‍್ಯಾಮ್, ಆ ಪುಸ್ತಕ ತೆಗೆದುಕೊಂಡು ವಿಜಯಪುರಕ್ಕೆ ಬನ್ನಿ. ಮಾನಿಟರ್ ಹೊತ್ತು ತರಬೇಡಿ, ನನ್ನಲ್ಲಿದೆ.